ಅಂಕಿಯೂ ಒಂದೇ, ಹೆಸರೂ ಒಂದೇ

ನಮ್ಮ ಮನೆಯವರೂ ನಾನೂ ಯಾವುದಾದರೂ ಒಂದು ವಿಷಯದಲ್ಲಿ ಒಪ್ಪಿದ್ದನ್ನು ಕಂಡವರು ಯಾರೂ ಇಲ್ಲ. ನಾನು ನೀಲಿ ಪರದೆ ಎಂದರೆ ಅವರಿಗೆ ಬೂದು ಬೇಕು. ಕಿಟಕಿ ತೆರೆದರೆ ಅವರಿಗೆ ಶೀತ, ಮುಚ್ಚಿದರೆ ನನಗೆ ಉಸಿರು ಕಟ್ಟುತ್ತದೆ. ಮದುವೆಯಾದ ಹೊಸದರಲ್ಲಿ ಕೊಂಡ ಊಟದ ಮೇಜನ್ನು ಗೋಡೆಗೆ ತಾಗಿಸಿ ಇಡಬೇಕೋ ಕೋಣೆಯ ನಡುವೆ ಇಡಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದು ಎರಡೂ ಅಲ್ಲದ ಜಾಗದಲ್ಲಿ ನಿಂತು, ಬಂದವರ ಮೊಣಕಾಲಿಗೆಲ್ಲ ಬಡಿಯುತ್ತದೆ. ಇಂಥ ಮನುಷ್ಯ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಒಬ್ಬ ಹುಡುಗಿಯ ಜೊತೆ, ಒಂದು ಮಾತೂ ಆಡದೆ, ಅಕ್ಷರ ಅಕ್ಷರವೂ ಒಪ್ಪಿಬಿಟ್ಟರೆ ಕಟ್ಟಿಕೊಂಡವಳಿಗೆ ಹೇಗಾಗಬೇಕು? ನನಗೆ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ.

ನನ್ನ ಹೊಟ್ಟೆಯುರಿ ಅರ್ಥವಾಗಬೇಕಾದರೆ ನಮ್ಮ ಕಚೇರಿಯ ಕೆಲಸ ಸ್ವಲ್ಪ ಗೊತ್ತಿರಬೇಕು. ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿ ನಮ್ಮದು. ನಾಲ್ಕು ಮೇಜು, ಮೇಡಂ ಕೂರುವ ಒಂದು ಗಾಜಿನ ಕೋಣೆ, ಸದಾ ಕಾಗದ ಕಚ್ಚಿಕೊಳ್ಳುವ ಒಂದು ಪ್ರಿಂಟರ್. ಔಷಧ ಕಂಪನಿಯವರು ಹೊಸ ಮದ್ದನ್ನು ಜನರಿಗೆ ಕೊಟ್ಟು ನೋಡಿ, ಅದರ ವಿವರವನ್ನೆಲ್ಲ ನಮಗೆ ಕಳಿಸುತ್ತಾರೆ. ಯಾವ ಗುಳಿಗೆ ನುಂಗಿದವರಲ್ಲಿ ಎಷ್ಟು ಜನಕ್ಕೆ ತಲೆನೋವು ಬಂತು, ಎಷ್ಟು ಜನಕ್ಕೆ ಹೊಟ್ಟೆ ತೊಳಸಿತು ಎಂದು ನಾವು ಕೋಷ್ಟಕ ಮಾಡಿ ಕೊಡುತ್ತೇವೆ. ಪ್ರತಿ ಸಾಲಿಗೊಂದು ಹೆಸರು, ಪ್ರತಿ ಕಾಲಂಗೊಂದು ಹೆಸರು, ನಡುವೆ ಅಂಕಿಗಳು.

ತಪ್ಪಾದರೆ ಯಾರದೋ ಆರೋಗ್ಯದ ಮೇಲೆ ಬೀಳುವ ಕೆಲಸ. ಅದಕ್ಕೇ ಒಂದು ಕಟ್ಟುನಿಟ್ಟಾದ ನಿಯಮವಿದೆ. ಒಂದೇ ಕೋಷ್ಟಕವನ್ನು ಇಬ್ಬರು ಬೇರೆ ಬೇರೆಯಾಗಿ ಕೂತು, ಬೇರೆ ಬೇರೆ ಪ್ರೋಗ್ರಾಂ ಬರೆದು ತಯಾರಿಸಬೇಕು. ಒಬ್ಬರದನ್ನು ಇನ್ನೊಬ್ಬರು ನೋಡಬಾರದು, ಅದರ ಬಗ್ಗೆ ತುಟಿ ಬಿಚ್ಚಬಾರದು. ಆಮೇಲೆ ಮೂರನೆಯವರು ಎರಡನ್ನೂ ಪಕ್ಕಪಕ್ಕ ಇಟ್ಟು ಕಂಪ್ಯೂಟರನ್ನು ಕೇಳಬೇಕು: ಇವೆರಡೂ ಒಂದೇನಾ? ಅದು ಹೌದು ಎನ್ನುತ್ತದೆ, ಅಥವಾ ಇಲ್ಲ ಎನ್ನುತ್ತದೆ. ಮಾತೇ ಆಡದ ಇಬ್ಬರು ಒಂದೇ ತಪ್ಪನ್ನು ಒಂದೇ ರೀತಿ ಮಾಡಲಾರರು ಎಂಬ ನಂಬಿಕೆಯ ಮೇಲೆ ನಮ್ಮ ಕಚೇರಿ ನಿಂತಿದೆ. ಆ ಮೂರನೆಯವಳು ನಾನು. ಬರೆಯುವ ಇಬ್ಬರಲ್ಲಿ ಒಬ್ಬರು ನಮ್ಮ ಮನೆಯವರು.

ಕೇಳುವುದರಲ್ಲೂ ಎರಡು ಬಗೆಯಿದೆ. ಸಡಿಲವಾಗಿ ಕೇಳಿದರೆ ಕಂಪ್ಯೂಟರ್ ಅಂಕಿಗಳನ್ನು ಮಾತ್ರ ನೋಡಿ ಉತ್ತರ ಕೊಡುತ್ತದೆ. ಬಿಗಿಯಾಗಿ ಕೇಳಿದರೆ ಅಂಕಿ, ಹೆಸರು, ಹೆಸರುಗಳ ಕ್ರಮ ಎಲ್ಲವೂ ತದ್ವತ್ ಇರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಇಲ್ಲ ಎಂದುಬಿಡುತ್ತದೆ. ಕಂಪನಿಯಿಂದ ಬರುವುದು ಬರೀ ಸಂಕೇತಗಳು. ಅವಕ್ಕೆ ಏನು ಹೆಸರಿಡಬೇಕು, ಯಾವುದನ್ನು ಮೇಲೆ ಹಾಕಬೇಕು ಎಂಬುದು ಮೊದಲ ಸುತ್ತಿನಲ್ಲಿ ಬರೆಯುವವರ ಇಷ್ಟ. ಒಬ್ಬರು ತಲೆನೋವು ಎಂದರೆ ಇನ್ನೊಬ್ಬರು ತಲೆಸಿಡಿತ ಎಂದಿರುತ್ತಾರೆ. ಒಬ್ಬರು ಅಕಾರಾದಿಯಾಗಿ ಜೋಡಿಸಿದರೆ ಇನ್ನೊಬ್ಬರು ಹೆಚ್ಚು ಜನಕ್ಕೆ ಬಂದ ಕಾಯಿಲೆಯನ್ನು ಮೇಲಕ್ಕೆ ತಂದಿರುತ್ತಾರೆ. ಹಾಗಾಗಿ ನಾನು ಶಾಸ್ತ್ರಕ್ಕೆಂದು ಮೊದಲು ಬಿಗಿಯಾಗಿ ಕೇಳುತ್ತೇನೆ, ಅದು ಇಲ್ಲ ಎನ್ನುತ್ತದೆ. ಹೆಸರು ನೋಡಿಕೊಂಡು ಸಾಲುಗಳನ್ನು ಹೊಂದಿಸಿ ಸಡಿಲವಾಗಿ ಕೇಳುತ್ತೇನೆ, ಆಗ ಹೌದು ಎನ್ನುತ್ತದೆ. ಬಿಗಿ ಪ್ರಶ್ನೆಗೆ ಮೊದಲ ಏಟಿಗೇ ಹೌದು ಬಂದದ್ದನ್ನು ನನ್ನ ಇಡೀ ಉದ್ಯೋಗದಲ್ಲಿ ಕಂಡಿರಲಿಲ್ಲ.

ಗುಬ್ಬಿ ಬರುವವರೆಗೆ.

ಆ ಹೆಸರು ನಾನೇ ಇಟ್ಟದ್ದು. ಊಟದ ಡಬ್ಬಿ ತೆರೆದರೆ ಎರಡು ತುತ್ತು ಕುಕ್ಕಿ ಮುಚ್ಚುತ್ತಾಳೆ, ಮೆಟ್ಟಿಲನ್ನು ಕುಪ್ಪಳಿಸಿಕೊಂಡು ಹತ್ತುತ್ತಾಳೆ. ಕಚೇರಿಯಲ್ಲಿ ಎಲ್ಲರಿಗೂ ನಾನೇ ಹೆಸರಿಡುವುದು, ಅದಕ್ಕೆ ಎಲ್ಲರೂ ನಗುವುದು ವಾಡಿಕೆ. ನಮ್ಮ ಮನೆಯವರಿಗೆ ಆಮೆ ಎಂಬ ಹೆಸರಿದೆ. ಕರೆದರೆ ಕತ್ತು ಹೊರಗೆ ಬರಲು ಒಂದು ಗಳಿಗೆ ಬೇಕು. ಗುಬ್ಬಿ ಬಂದ ದಿನವೇ ನನ್ನನ್ನು ಅಕ್ಕ ಎಂದಳು. ನನ್ನನ್ನು ಅಕ್ಕ ಅಂದ ಮೇಲೆ ಇವರು ಭಾವ ಆಗಬೇಕಲ್ಲ? ಆಗಲಿಲ್ಲ. ಇವರು ಸರ್. ನನಗೇಕೋ ಆ ಲೆಕ್ಕ ಅವತ್ತೇ ಸರಿಹೋಗಲಿಲ್ಲ.

ಅವರಿಬ್ಬರ ಮೊದಲ ಕೋಷ್ಟಕ ಬಂದಾಗ ಎಂದಿನಂತೆ ಬಿಗಿಯಾಗಿ ಕೇಳಿ, ಚಹಾದ ಲೋಟಕ್ಕೆ ಕೈ ಹಾಕಿದೆ. ತೆರೆಯ ಮೇಲೆ ಹೌದು ಎಂದು ಬಂದಿತ್ತು. ಒಂದೇ ಕಡತವನ್ನು ಎರಡು ಸಲ ಹಾಕಿಬಿಟ್ಟೆನೇನೋ ಎಂದುಕೊಂಡು ಮತ್ತೆ ನೋಡಿದೆ. ಇಲ್ಲ, ಒಂದು ಇವರದು, ಒಂದು ಅವಳದು. ಎರಡನ್ನೂ ತೆರೆದು ನೋಡಿದೆ. ತಲೆನೋವು, ಕಣ್ಣುರಿ, ಹಲ್ಲುನೋವು, ಗಂಟಲು ಕೆರೆತ, ಎದೆ ಬಿಗಿತ, ಹೊಟ್ಟೆ ತೊಳಸು, ಮಂಡಿನೋವು, ಅಂಗಾಲು ಉರಿ. ಅಕಾರಾದಿಯೂ ಅಲ್ಲ, ಹೆಚ್ಚು ಕಡಿಮೆಯ ಕ್ರಮವೂ ಅಲ್ಲ. ತಲೆಯಿಂದ ಶುರುಮಾಡಿ ಕಾಲಿನವರೆಗೆ, ಮೈಮೇಲೆ ಕೈ ಇಳಿಸುತ್ತಾ ಹೋದ ಹಾಗೆ. ಇಂಥ ಕ್ರಮ ಒಬ್ಬರ ತಲೆಗೆ ಹೊಳೆಯಬಹುದು. ಇಬ್ಬರಿಗೂ ಹೊಳೆಯಬೇಕಾದರೆ?

ಮಾತಾಡಬಾರದ ಇಬ್ಬರು ಮಾತಾಡುತ್ತಿದ್ದಾರೆ. ಅದೂ ನನ್ನ ಬೆನ್ನ ಹಿಂದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನನ್ನ ಒಡಹುಟ್ಟಿದ ಅಕ್ಕ, ದರ್ಜಿ. ಅವಳು ಫೋನಿನಲ್ಲಿ ಮಾತಾಡುವಾಗಲೂ ಹೊಲಿಗೆ ಯಂತ್ರ ನಿಲ್ಲುವುದಿಲ್ಲ.

"ನಿನ್ನ ಭಾವ... ಅಲ್ಲ, ನಮ್ಮ ಮನೆಯವರು ಯಾವಳ ಜೊತೆಯೋ ಇದ್ದಾರೆ ಕಣೇ" ಎಂದೆ. ಸಿಟ್ಟಿನಲ್ಲಿ ಸಂಬಂಧಗಳೂ ತಲೆಕೆಳಗಾಗಿದ್ದವು.

ಯಂತ್ರ ನಿಂತಿತು. "ಏನಂದೆ? ಎಲ್ಲಿ ನೋಡ್ದೆ?"

"ನೋಡಿಲ್ಲ. ಇಬ್ಬರೂ ತಲೆನೋವನ್ನ ಮೊದಲು ಬರ್ದು ಅಂಗಾಲು ಉರಿನ ಕೊನೇಲಿ ಬರ್ದಿದ್ದಾರೆ."

ಅಕ್ಕ ಕೇಳಿದಳು, "ನೀನು ಊಟ ಮಾಡಿದ್ಯಾ?"

"ನಿಂಗೆ ಅರ್ಥ ಆಗಲ್ಲ. ಅವರು ಹೆಸರು ಕೂಡ ಒಂದೇ ಇಟ್ಟಿದ್ದಾರೆ."

"ಯಾರಿಗೆ? ಮಗುಗಾ?"

"ಕಾಯಿಲೆಗೆ!"

"ಹುಚ್ಚಿ" ಎಂದು ಅಕ್ಕ ಮತ್ತೆ ಯಂತ್ರ ತುಳಿಯತೊಡಗಿದಳು. "ಅಂಗಿ ಮೇಲೆ ಕೂದಲು ಗೀದಲು ಸಿಕ್ರೆ ಫೋನ್ ಮಾಡು. ಅಂಗಾಲು ಉರಿಗೆಲ್ಲ ಸಂಸಾರ ಮುರ್ಕೊಳ್ತಾರಾ ಯಾರಾದ್ರೂ?"

ಅಂಗಿಯ ಮೇಲೆ ಕೂದಲು ಸಿಕ್ಕಿದ್ದರೆ ನನಗೂ ಸುಲಭವಾಗುತ್ತಿತ್ತು. ಸಿಗಲಿಲ್ಲ. ಇವರು ಹೊಸ ಅಂಗಿ ಹೊಲಿಸಲಿಲ್ಲ, ಕೂದಲಿಗೆ ಬಣ್ಣ ಹಚ್ಚಲಿಲ್ಲ, ಗುನುಗಲಿಲ್ಲ. ಎಂದಿನ ಹಾಗೆ ಆಮೆಯ ಹಾಗೆ ಬಂದು ಕೂತು, ಟಿವಿಯಲ್ಲಿ ಹವಾಮಾನ ನೋಡಿ ಮಲಗುತ್ತಿದ್ದರು. ನನ್ನ ಬಳಿ ಇದ್ದ ಪುರಾವೆ ಒಂದೇ: ಹೌದು. ಎರಡನೆಯ ಕೋಷ್ಟಕಕ್ಕೂ ಹೌದು. ಮೂರನೆಯದಕ್ಕೂ ಹೌದು. ಬೇರೆ ಯಾರಾದರೂ ಆಗಿದ್ದರೆ ಕೆಲಸ ಹಗುರವಾಯಿತೆಂದು ಖುಷಿಪಡುತ್ತಿದ್ದರು. ನನಗೆ ಪ್ರತಿ ಹೌದೂ ಕೆನ್ನೆಗೆ ಬಾರಿಸಿದ ಹಾಗಿತ್ತು. ಹೌದು, ಅವರಿಬ್ಬರೂ ಒಂದೇ. ಹೌದು, ಒಳಗೂ ಹೊರಗೂ ಒಂದೇ. ಹೌದು, ನೀನು ಮೂರನೆಯವಳು.

ಮೇಡಂ ಬಳಿ ಹೋಗಿ ಹೇಳಬಹುದಿತ್ತು. ಏನಂತ ಹೇಳುವುದು? ಎರಡೂ ತುಂಬ ಚೆನ್ನಾಗಿ ಹೊಂದುತ್ತಿವೆ ಎಂದು ದೂರು ಕೊಡುವುದಾ? ಅದಲ್ಲದೆ ದೂರು ಕೊಟ್ಟರೆ ಗುಬ್ಬಿಯ ಜೊತೆ ನಮ್ಮ ಮನೆಯವರ ಕೆಲಸವೂ ಹೋಗುತ್ತಿತ್ತು. ಆದರೂ ನನ್ನನ್ನು ಕೊರೆಯುತ್ತಿದ್ದದ್ದು ಕೆಲಸವೂ ಅಲ್ಲ, ನಿಯಮವೂ ಅಲ್ಲ. ನನ್ನ ಗಂಡ ನನ್ನವರಾಗಿ ಉಳಿದಿದ್ದಾರೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ.

ಕೊನೆಗೂ ಒಂದು ಮಧ್ಯಾಹ್ನ ಸಿಕ್ಕಿಬಿದ್ದರು. ಊಟದ ಹೊತ್ತಿನಲ್ಲಿ ಇವರು ಕೈ ತೊಳೆದು ಬರುತ್ತೇನೆಂದು ಎದ್ದರು. ಕೈ ತೊಳೆಯುವ ಜಾಗ ಎಡಕ್ಕಿದೆ, ಇವರು ಬಲಕ್ಕೆ ತಿರುಗಿದರು. ಸ್ವಲ್ಪ ಬಿಟ್ಟು ನಾನೂ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮೆಟ್ಟಿಲಿಳಿದೆ. ಕೆಳಗಿನ ತಿರುವಿನಲ್ಲಿ, ಕನ್ನಡಕದ ಅಂಗಡಿಯವರ ಖಾಲಿ ಪೆಟ್ಟಿಗೆಗಳ ಪಕ್ಕ, ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತಿದ್ದರು. ಅವಳ ಮಡಿಲಲ್ಲಿ ಲ್ಯಾಪ್‌ಟಾಪ್. ಅವಳು ಮೆಲ್ಲಗೆ ಏನೋ ಹೇಳುತ್ತಾ ತೆರೆಯ ಮೇಲೆ ಬೆರಳಿಡುತ್ತಿದ್ದಳು. ಇವರು ಕತ್ತು ಮುಂದೆ ಚಾಚಿ, ಬಾಯಿ ಸ್ವಲ್ಪ ತೆರೆದುಕೊಂಡು ಕೇಳುತ್ತಿದ್ದರು.

ಕೈ ಹಿಡಿದಿರಲಿಲ್ಲ. ಹೆಗಲಿಗೆ ಹೆಗಲು ತಾಗಿರಲಿಲ್ಲ. ನಡುವೆ ಒಂದು ನೀರಿನ ಬಾಟಲಿ ಇಡುವಷ್ಟು ಜಾಗವಿತ್ತು, ಇಟ್ಟೂ ಇದ್ದರು. ಆದರೆ ಆ ಮುಖ! ಇಷ್ಟು ವರ್ಷದಲ್ಲಿ ನಾನು ಏನು ಹೇಳಿದರೂ ಆ ಮುಖ ಹಾಗೆ ತೆರೆದುಕೊಂಡದ್ದಿಲ್ಲ. ನಾನು ಮಾತಾಡಿದರೆ ಇವರು ಹೂಂ ಎನ್ನುತ್ತಾ ಪೇಪರಿನ ಮುಂದಿನ ಪುಟ ಹುಡುಕುತ್ತಾರೆ. ಇಲ್ಲಿ ಅವಳ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಾರೆ. ಮುದ್ದಾಡುತ್ತಿದ್ದುದನ್ನು ಕಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಬಂದ ದಾರಿಯಲ್ಲೇ ಮೇಲೆ ಹತ್ತಿದೆ. ಚಪ್ಪಲಿ ಹಾಕಿಕೊಂಡು ನನ್ನ ಮೇಜಿಗೆ ಹೋಗಿ ಕೂತೆ.

ಆ ಸಿಟ್ಟಿನಲ್ಲೇ ಅವರ ಹೊಸ ಕೋಷ್ಟಕವನ್ನು ತೆರೆದೆ. ಬಿಗಿ ಪ್ರಶ್ನೆಗೆ ಹೌದು ಬಂದಿತ್ತು. ಹೌದು ಬಂದ ಮೇಲೆ ಒಳಗೆ ಕಣ್ಣು ಹಾಯಿಸುವ ಅಭ್ಯಾಸ ಯಾರಿಗೂ ಇರುವುದಿಲ್ಲ. ಅವತ್ತು ನಾನು ಅಂಕಿಗಳನ್ನು ಒಂದೊಂದಾಗಿ ನೋಡಿದೆ. ಅವರಿಬ್ಬರೂ ಸೇರಿ ಮಾಡಿದ್ದರಲ್ಲಿ ಒಂದಾದರೂ ಕೊಳಕು ಸಿಗಲಿ ಎಂಬ ಆಸೆ, ಬೇರೇನಲ್ಲ.

ಸಿಕ್ಕಿತು. ಮೂರು ಕಾಲಂಗಳಿದ್ದವು: ಕಡಿಮೆ ಡೋಸ್, ಖಾಲಿ ಗುಳಿಗೆ, ಹೆಚ್ಚು ಡೋಸ್. ಖಾಲಿ ಗುಳಿಗೆ ಎಂದರೆ ಮದ್ದೇ ಇಲ್ಲದ್ದು. ನಿಜವಾದ ಮದ್ದಿನ ಜೊತೆ ಹೋಲಿಸಿ ನೋಡಲೆಂದು ಕೆಲವರಿಗೆ ಕೊಡುತ್ತಾರೆ. ಈ ಕೋಷ್ಟಕದ ಪ್ರಕಾರ, ಖಾಲಿ ಗುಳಿಗೆ ನುಂಗಿದವರಿಗೆ ಹೊಟ್ಟೆ ತೊಳಸಿದ್ದು ಕಡಿಮೆ ಡೋಸ್ ನುಂಗಿದವರಿಗಿಂತ ದುಪ್ಪಟ್ಟು. ಕಣ್ಣುರಿಯೂ ಹಾಗೇ, ಎದೆ ಬಿಗಿತವೂ ಹಾಗೇ. ಮದ್ದಿಲ್ಲದ ಮಾತ್ರೆ ನುಂಗಿ ಒಂದಿಬ್ಬರಿಗೆ ಹೊಟ್ಟೆ ತೊಳಸಬಹುದು, ಊರಿಗೂರೇ ವಾಂತಿ ಮಾಡಿಕೊಳ್ಳುವುದುಂಟಾ? ಮೂಲ ವಿವರ ತೆಗೆದು ನೋಡಿದೆ. ಅಂಕಿಗಳು ಖಾಲಿ, ಕಡಿಮೆ, ಹೆಚ್ಚು ಎಂಬ ಕ್ರಮದಲ್ಲಿ ಬಂದಿವೆ. ಹೆಸರುಗಳನ್ನು ಮಾತ್ರ ಕಂಪ್ಯೂಟರ್ ತನ್ನ ಪಾಡಿಗೆ ಅಕಾರಾದಿಯಾಗಿ ಜೋಡಿಸಿದೆ. ಜೋಡಿಸಿದ ಹೆಸರನ್ನು ತಂದು ಜೋಡಿಸದ ಅಂಕಿಗಳ ನೆತ್ತಿಗೆ ಅಂಟಿಸಿದ್ದಾರೆ. ಅಂಕಿಯೆಲ್ಲ ಸರಿ, ಹೆಸರೆಲ್ಲ ಸರಿ, ಕೂತ ಜಾಗ ತಪ್ಪು. ಇದು ಹೀಗೇ ಹೊರಗೆ ಹೋಗಿದ್ದರೆ ಕಡಿಮೆ ಡೋಸಿನಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಯಾರೋ ಓದಿ ನಂಬುತ್ತಿದ್ದರು.

ಇಬ್ಬರೂ ಅದೇ ತಪ್ಪು ಮಾಡಿದ್ದರು, ಅದೇ ಜಾಗದಲ್ಲಿ, ಅದೇ ರೀತಿ. ನನಗೆ ಬೇಕಾದ ಪುರಾವೆ ಕೈಗೆ ಬಂದಿತ್ತು. ಒಳಗೊಳಗೇ ಕುಣಿಯುವ ಹಾಗಾಯಿತು, ಜೊತೆಗೇ ಅಳುವೂ ಬಂತು.

ಸಂಜೆ ಮನೆಯಲ್ಲಿ ಇವರು ಇಸ್ತ್ರಿ ಮಾಡುತ್ತಾ ನಿಂತಿದ್ದರು. ಇಸ್ತ್ರಿ ಇವರ ಪಾಲಿನ ಕೆಲಸ. ಇವರು ಒಂದು ಕಾಲರ್ ಮುಗಿಸುವಷ್ಟರಲ್ಲಿ ನಾನು ಒಂದು ಅಡುಗೆ ಮುಗಿಸಬಹುದು. ನಾನು ಬಾಗಿಲಿಗೆ ಒರಗಿ ಕೇಳಿದೆ, "ಖಾಲಿ ಗುಳಿಗೆ ತಿಂದವ್ರಿಗೆ ಯಾಕ್ರೀ ಅಷ್ಟೊಂದು ಹೊಟ್ಟೆ ತೊಳಸ್ತು?"

"ಯಾವ ಖಾಲಿ ಗುಳಿಗೆ?"

"ನಿಮ್ಮ ಕೋಷ್ಟಕದ್ದು. ನಿಮ್ಮದೋ ಅವಳದೋ, ನಂಗೆ ಗೊತ್ತಾಗಲ್ಲ. ಎರಡೂ ಒಂದೇ ಅಲ್ವಾ?"

ಇವರ ಕೈ ನಿಂತಿತು. ಅಂಗಿ ಸುಡುವ ವಾಸನೆ ಬಂದಾಗ ನಾನೇ ಹೋಗಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದೆ.

"ಎಷ್ಟು ದಿನದಿಂದ ನಡೀತಿದೆ ಇದು?"

"ಅವಳು ಬಂದಾಗಿಂದ" ಎಂದರು. ಸುಳ್ಳು ಹೇಳಲೂ ಬಾರದ ಮನುಷ್ಯ.

"ಅವಳ ಮೇಲೆ ಮನಸ್ಸಾಗಿದೆಯಾ? ನೆಟ್ಟಗೆ ಹೇಳಿಬಿಡಿ. ನಾನು ಕಿರಿಚಲ್ಲ." ಕಿರಿಚಿಯೇ ಹೇಳಿದೆ.

ಇವರು ನನ್ನನ್ನು ನೋಡಿದ ಪರಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ಮನಸ್ಸಾ? ಏನೇ ಹಾಗಂದ್ರೆ? ನಂಗೆ ಆ ಹೊಸ ಭಾಷೆ ತಲೆಗೇ ಹತ್ತಲ್ಲ ಕಣೇ. ಅಷ್ಟೇ."

ಹೊಸ ಭಾಷೆ ಎಂದರೆ ಪ್ರೋಗ್ರಾಂ ಬರೆಯುವ ಭಾಷೆ. ನಮ್ಮಲ್ಲಿ ಮೊದಲಿದ್ದ ಹಳೆಯದನ್ನು ಮೇಡಂ ವರ್ಷದ ಕೆಳಗೆ ತೆಗೆಸಿಹಾಕಿ ಈ ಹೊಸದನ್ನು ತಂದಿದ್ದರು. ಹಳೆಯದರಲ್ಲಿ ಇವರನ್ನು ಮೀರಿಸಿದವರಿರಲಿಲ್ಲ. ನನಗೆ ಈ ಕೆಲಸ ಕಲಿಸಿದವರೇ ಇವರು. ಮದುವೆಗೆ ಮುಂಚೆ ಇವರ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕಲಿತವಳು ನಾನು. ಹೊಸದನ್ನು ನಾನು ನೀರು ಕುಡಿದ ಹಾಗೆ ಕಲಿತೆ. ಇವರೂ ಕಲಿತರೆಂದೇ ತಿಳಿದಿದ್ದೆ.

"ಅವಳು ಬರೆದಿದ್ದನ್ನ ಹಾಗೇ ಇಟ್ಕೋತೀನಿ" ಎಂದರು ಇವರು, ಸುಟ್ಟ ಕಾಲರನ್ನು ಸವರುತ್ತಾ. "ಕೂತು ಹೇಳ್ಕೊಡ್ತಾಳೆ, ಪಾಪ. ಹೇಳುವಾಗ ಎಲ್ಲಾ ಅರ್ಥ ಆದ ಹಾಗಿರತ್ತೆ. ಎದ್ದು ಬಂದು ಕುರ್ಚೀಲಿ ಕೂತ್ರೆ ಏನೂ ಇಲ್ಲ."

"ಹೆಸರನ್ನಾದ್ರೂ ಬದಲಾಯಿಸಬಾರ್ದಿತ್ತಾ? ಸಾಲನ್ನಾದ್ರೂ ಮೇಲೆ ಕೆಳಗೆ ಮಾಡಬಾರ್ದಿತ್ತಾ? ನೆಟ್ಟಗೆ ಕದಿಯೋಕೂ ಬರಲ್ವಲ್ಲ ನಿಮಗೆ!"

"ಯಾವುದನ್ನ ಮುಟ್ಟಿದ್ರೆ ಏನು ಕೆಟ್ಟುಹೋಗತ್ತೋ ಅಂತ ಭಯ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಡಿಸಿದ್ದ ಮಹಾ ಪ್ರಣಯ ಇದು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಕ್ಕನಿಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ, ನಾನು ಹುಚ್ಚಿ ಎಂದು ಹೇಳಬೇಕೆನಿಸಿತು. ಆ ಸಮಾಧಾನ ಒಂದು ನಿಮಿಷ ಇತ್ತೋ ಇಲ್ಲವೋ. ಇನ್ನೊಂದು ಮಾತು ಒಳಗಿನಿಂದ ಎದ್ದು ಬಂತು.

"ನನ್ನ ಕೇಳಬಹುದಿತ್ತಲ್ಲಾ? ಒಂದೇ ಮನೇಲಿದ್ದೀವಿ. ಒಂದೇ ತಟ್ಟೆ ತೊಳೀತೀವಿ. ಆ ನೆನ್ನೆ ಮೊನ್ನೆ ಬಂದವಳನ್ನ ಯಾಕೆ?"

ಇವರು ಅಂಗಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಹೇಳ್ರೀ."

"ಹೊಸದನ್ನ ಕಲಿಸೋಕೆ ಬಂದಿದ್ರಲ್ಲ, ಅವತ್ತು ನಾನೊಂದು ಪ್ರಶ್ನೆ ಕೇಳ್ದೆ. ನೀನು ನಕ್ಕೆ. ನೀನು ನಕ್ಕಿದ್ದು ನೋಡಿ ಎಲ್ರೂ ನಕ್ರು."

"ಅಯ್ಯೋ, ನಂಗದು ನೆನಪೂ ಇಲ್ಲ!"

"ನಿಂಗಿರಲ್ಲ ಬಿಡು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಜಗಳಕ್ಕೆ ನಿಲ್ಲಬಹುದಿತ್ತು. "ನಿನ್ನ ಕೇಳೋಣ ಅಂತ ಎಷ್ಟೋ ಸಲ ಬಂದೆ. ಮೇಜಿನ ಹತ್ರ ಬಂದು ವಾಪಸ್ ಹೋದೆ. ಅವಳು ನಗಲ್ಲ ಕಣೇ."

ಇವರು ಅಂಗಿಯನ್ನು ಕಪಾಟಿನಲ್ಲಿಟ್ಟು ಟಿವಿ ಮುಂದೆ ಹೋಗಿ ಕೂತರು. ನಾನು ಇಸ್ತ್ರಿ ಮೇಜಿನ ಬಳಿಯೇ ನಿಂತೆ. ಪ್ರೇಮವಾಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಕೂಗಾಡಬಹುದು, ಪಾತ್ರೆ ಎಸೆಯಬಹುದು, ಅವಳಿಗಿಂತ ನಾನೇನು ಕಡಿಮೆ ಎಂದು ಕನ್ನಡಿಯ ಮುಂದೆ ನಿಲ್ಲಬಹುದು. ನಗದೇ ಇರುವವಳ ಎದುರು ಏನು ಮಾಡುವುದು? ಇವರಿಗೆ ಬೇಕಾದದ್ದು ಅವಳಲ್ಲಿತ್ತು, ನನ್ನಲ್ಲಿರಲಿಲ್ಲ. ಅವಳು ಕೆನ್ನೆ ಕೆಂಪಗಿರುವ ಸುಂದರಿಯಾಗಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವತ್ತು ಮನಸಾರೆ ಅಂದುಕೊಂಡೆ. ಹೊಟ್ಟೆಕಿಚ್ಚು ಆರಿರಲಿಲ್ಲ. ಮೊದಲಿಗಿಂತ ಆಳಕ್ಕೆ ಇಳಿದಿತ್ತು.

ಮಾರನೆಯ ದಿನ ದಾರಿಯುದ್ದಕ್ಕೂ ಮೇಡಂ ಮುಂದೆ ಹೇಳುವ ಮಾತನ್ನು ಹೊಂದಿಸಿಕೊಂಡೆ. ತಪ್ಪು ಗುಬ್ಬಿಯದು, ಅನುಭವವಿಲ್ಲದ ಹುಡುಗಿ, ಇವರಿಗೆ ದಾಕ್ಷಿಣ್ಯ ಜಾಸ್ತಿ. ಇವರು ಉಳಿಯಬೇಕು, ಅವಳು ಹೋಗಬೇಕು. ಗಾಜಿನ ಕೋಣೆಯ ಬಾಗಿಲಿಗೆ ಕೈ ಇಡುವಷ್ಟರಲ್ಲಿ ಒಳಗೆ ಇವರು ಆಗಲೇ ನಿಂತಿದ್ದರು. ಆಮೆ ಅವತ್ತು ನನಗಿಂತ ಮುಂಚೆ ತಲುಪಿತ್ತು.

"ಆ ಹುಡುಗಿದೇನೂ ತಪ್ಪಿಲ್ಲ ಮೇಡಂ" ಎನ್ನುತ್ತಿದ್ದರು. "ನಂಗೆ ಬರಲ್ಲ ಅಂತ ನಾನೇ ಕೇಳ್ಕೊಂಡೆ. ನಾನೇ ನೋಡಿ ಬರ್ದೆ."

ಗುಬ್ಬಿಯೂ ಕುಪ್ಪಳಿಸದೆ ಬಂದು ಪಕ್ಕದಲ್ಲಿ ನಿಂತಳು. "ತೋರಿಸಿದ್ದು ನಾನು, ಮೇಡಂ. ಹೆಸರು ಅಂಟಿಸಿದ್ದೂ ನಾನೇ." ಕಣ್ಣಲ್ಲಿ ನೀರಿತ್ತು. ನಾನು ಹೊಂದಿಸಿಕೊಂಡು ಬಂದದ್ದನ್ನೆಲ್ಲ ನುಂಗಿಕೊಂಡು, ಖಾಲಿ ಗುಳಿಗೆಯ ತಪ್ಪನ್ನಷ್ಟೇ ಹೇಳಿದೆ.

ಮೇಡಂ ಬಹಳ ಹೊತ್ತು ಕನ್ನಡಕ ಒರೆಸಿದರು. ಮೂವರಿಗೂ ಸರಿಯಾಗಿ ಬೈದರು. ಹಳೆಯ ಕೋಷ್ಟಕಗಳೆಲ್ಲ ಮೊದಲಿಂದ ಆಗಬೇಕು, ಇನ್ನು ಮುಂದೆ ನಾನೂ ಗುಬ್ಬಿಯೂ ಬರೆಯಬೇಕು, ಇವರು ಹೋಲಿಸಬೇಕು ಎಂದರು. ಬಿಗಿಯಾಗಿ ಕೇಳುವುದು, ಸಡಿಲವಾಗಿ ಕೇಳುವುದು, ಎರಡೇ ಸಾಲಿನ ಕೆಲಸ, ಅದರಿಂದಲೇ ಕಲಿಯಲಿ. "ತಿಳಿಯದೇ ಇದ್ದದ್ದನ್ನ ಕೇಳಿ. ಹೋಲಿಸೋವಾಗ ಯಾರನ್ನ ಬೇಕಾದ್ರೂ ಕೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ಕದ್ದು ಮಾತ್ರ ಕೇಳಬೇಡಿ" ಎಂದರು ಇವರಿಗೆ.

ಯಾರನ್ನ ಬೇಕಾದರೂ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಇವರು ಕೇಳಿಯೇ ಕೇಳುತ್ತಾರೆ, ಕೇಳದೆ ಗತಿಯಿಲ್ಲ. ಮೊದಲು ಕೇಳುವುದು ನನ್ನನ್ನಾಗಿರಬೇಕು. ನನ್ನ ಮೇಜಿನ ಪಕ್ಕ ಇದ್ದ ಕಾಗದದ ರಾಶಿ ತೆಗೆದು ಒಂದು ಕುರ್ಚಿ ಹಾಕಿದೆ. ಇವರನ್ನು ಆಮೆ ಎನ್ನುವುದನ್ನು ಬಿಟ್ಟೆ. ಪ್ರಿಂಟರ್ ಇವರ ಕಾಗದವನ್ನು ಕಚ್ಚಿಕೊಂಡು ಇವರು ಅದಕ್ಕೆ ದಯವಿಟ್ಟು ಎಂದಾಗಲೂ ಬಾಯಿಗೆ ಬೀಗ ಹಾಕಿಕೊಂಡೆ. ಮನೆಯಲ್ಲಿ ಹವಾಮಾನದ ವರದಿಯನ್ನು ಇವರ ಜೊತೆ ಕೊನೆಯವರೆಗೆ ನೋಡಿದೆ. ಅಕ್ಕ ಫೋನ್ ಮಾಡಿ, "ಏನೇ, ಮೈಯಲ್ಲಿ ಹುಷಾರಿಲ್ವಾ? ಎಷ್ಟೊತ್ತಾದ್ರೂ ಯಾರನ್ನೂ ಆಡ್ಕೊಂಡೇ ಇಲ್ಲ" ಎಂದಳು.

ನಾನು ಬರೆದು ಮುಗಿಸಿದೆ, ಗುಬ್ಬಿಯೂ ಮುಗಿಸಿದಳು. ಅವಳ ಮೇಜು ನನ್ನ ಎದುರಿಗೇ, ನಡುವೆ ಒಂದು ಪುಸ್ತಕದ ಕಪಾಟು. ಇವರು ತಮ್ಮ ಕಿಟಕಿಯ ಬಳಿ ಕೂತು ಎರಡನ್ನೂ ಹಾಕಿ ಬಿಗಿಯಾಗಿ ಕೇಳಿದರು. ನಾನು ನನ್ನ ತೆರೆ ನೋಡುವವಳ ಹಾಗೆ ಕೂತು ಇವರನ್ನೇ ನೋಡುತ್ತಿದ್ದೆ. ಹುಬ್ಬು ಗಂಟಾಯಿತು. ಮತ್ತೆ ಒತ್ತಿದರು. ಮತ್ತೊಮ್ಮೆ ಒತ್ತಿದರು. ಎದ್ದು ನಿಂತರು. ಒಂದು ಕ್ಷಣ ಕಪಾಟಿನ ಆ ಕಡೆ ನೋಡಿದರು, ಈ ಕಡೆ ನೋಡಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಕೂತಾಗಲೂ ಅಷ್ಟು ಹೊಡೆದುಕೊಂಡಿರಲಿಲ್ಲ.

ನನ್ನ ಕಡೆಗೇ ಬಂದರು. ನಾನು ಹಾಕಿದ್ದ ಕುರ್ಚಿಯಲ್ಲೇ ಕೂತರು.

"ಇಲ್ಲ ಅಂತಿದೆ" ಎಂದರು ಮೆಲ್ಲಗೆ. "ಅಂಕಿ ಎಲ್ಲಾ ನಾನೇ ಒಂದೊಂದಾಗಿ ನೋಡ್ದೆ, ಎಲ್ಲಾ ಅದೇ ಇದೆ. ಆದ್ರೂ ಇಲ್ಲ ಅಂತಿದೆ." ನನ್ನ ಹತ್ತಿರಕ್ಕೆ ಬಾಗಿದರು. ಮುಖ ಹಾಗೇ ತೆರೆದುಕೊಂಡಿತ್ತು, ಮೆಟ್ಟಿಲ ಮೇಲೆ ನಾನು ಕಂಡಿದ್ದ ಮುಖ. ಈಗ ಅದು ನನಗಾಗಿತ್ತು. "ನಿನ್ನೆ ಕರೆಂಟ್ ಹೋಗಿತ್ತಲ್ಲ, ಅದರಿಂದೇನಾದ್ರೂ ಕಂಪ್ಯೂಟರಿಗೆ ಎರಡೂ ಒಂದೇ ಅಂತ ಗೊತ್ತಾಗ್ತಾ ಇಲ್ವಾ?"

ನಾನು ನಗಲಿಲ್ಲ. ದೇವರಾಣೆ ನಗಲಿಲ್ಲ. ಹಲ್ಲು ಕಚ್ಚಿದೆ, ಉಸಿರು ಬಿಗಿಹಿಡಿದೆ. ತುಟಿಯ ಒಂದು ತುದಿ ಮಾತ್ರ ನನ್ನನ್ನು ಕೇಳದೆ ಅಲುಗಿತು.

ಇಷ್ಟು ವರ್ಷ ಜೊತೆಗಿದ್ದವರಿಗೆ ಅಷ್ಟು ಸಾಕು. ಇವರ ಮುಖ ಮುಚ್ಚಿಕೊಂಡಿತು. "ಇರ್ಲಿ, ನಾನೇ ನೋಡ್ತೀನಿ" ಎಂದು ಎದ್ದರು. "ರೀ, ಕೂತ್ಕೊಳ್ಳಿ, ಹೇಳ್ತೀನಿ" ಎಂದೆ. ಕೇಳಿಸಲಿಲ್ಲವೋ, ಕೇಳಿಸಿಯೂ ನಿಲ್ಲಲಿಲ್ಲವೋ. ಕಪಾಟಿನ ಆಚೆ ಗುಬ್ಬಿಯ ದನಿ ಬಂತು, "ಏನಾಯ್ತು ಸರ್?" ಕುರ್ಚಿ ಎಳೆದ ಸದ್ದಾಯಿತು.

"ಅಂಕಿ ಸರಿಯಾಗೇ ಇದೆ ಸರ್" ಎಂದು ಅವಳು ಹೇಳುತ್ತಿದ್ದಳು, ನಿಧಾನವಾಗಿ, ಒಂದೊಂದೇ ಮಾತು. "ಸಾಲುಗಳ ಹೆಸರು ನಂದೇ ಬೇರೆ, ಅಕ್ಕಂದೇ ಬೇರೆ. ಅದಕ್ಕೇ ಇಲ್ಲ ಅಂತಿದೆ, ಬೇರೇನಿಲ್ಲ." ಇವರು ಹೂಂ, ಹೂಂ ಎನ್ನುತ್ತಿದ್ದರು. ಪೇಪರ್ ತಿರುವುವ ಹೂಂ ಅಲ್ಲ. ಪುಸ್ತಕಗಳ ಸಂದಿಯಲ್ಲಿ ಇವರ ಕತ್ತು ಮುಂದೆ ಚಾಚಿಕೊಂಡದ್ದು ಕಾಣುತ್ತಿತ್ತು.

ಆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಗು ಅದಕ್ಕಿಂತ ಮುಂಚೆ ಬಂದುಬಿಟ್ಟಿತ್ತು.